ಬಸ್ಸಿಗೆ ಕಾಯುತ್ತಿದ್ದವರ ಪೇಟೆ

ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಸಿದ್ಧವಾದ ಮೇಲೆ ಊರಿಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಕಾಸರಗೋಡಿನ ಗುರುತೇ ಸಿಗುವುದಿಲ್ಲ ಮಾರಾಯರೇ." ಮುಂಬೈಯಿಂದ ಬಂದ ಸೋದರತ್ತೆಯ ಮಗ ಹೇಳಿದ, ಬೆಂಗಳೂರಿನಿಂದ ಬಂದ ಸಹಪಾಠಿ ಹೇಳಿದ, ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರೂ ಹೇಳಿದರು. 45 ಮೀಟರ್ ಅಗಲಕ್ಕೆ ಗುಡ್ಡ ಕಡಿದು, ಕಟ್ಟಡ ಕೆಡವಿ, ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿಯವರೆಗೆ ಒಂಟಿ ಕಂಬಗಳ ಮೇಲ್ಸೇತುವೆ ಎಬ್ಬಿಸಿದ ಮೇಲೆ ಗುರುತು ಸಿಗದಿರುವುದು ಸಹಜವೇ. ನಾನೂ ಹೌದೆಂದು ತಲೆಯಾಡಿಸುತ್ತೇನೆ. ಆದರೆ ಪ್ರತಿ ಸಲವೂ ಒಳಗೊಳಗೆ ಒಂದು ತಕರಾರು ಏಳುತ್ತದೆ. ಹೆದ್ದಾರಿಗಾಗಿ ಕೆಡವಿದ್ದರಲ್ಲಿ ಹೆಚ್ಚಿನವು ಕಳೆದ ಮೂರು ನಾಲ್ಕು ದಶಕಗಳಲ್ಲಿ ಎದ್ದ ಕಾಂಕ್ರೀಟು ಕಟ್ಟಡಗಳು. ಹಳೆಯ ಪೇಟೆ ಅದಲ್ಲ. ಹಳೆ ಬಸ್ ನಿಲ್ದಾಣ, ಎಂ.ಜಿ. ರಸ್ತೆ, ಬ್ಯಾಂಕ್ ರಸ್ತೆ, ಗಡಿಯಾರ ಗೋಪುರದ ತಾಯಲಂಗಾಡಿ, ಇವುಗಳತ್ತ ಹೆದ್ದಾರಿಯವರ ಜೆಸಿಬಿ ತಿರುಗಿಯೂ ನೋಡಿಲ್ಲ. ಹಾಗಿದ್ದರೂ ಗುರುತು ಸಿಗದಂತಾಗಿರುವುದು ಆ ಬೀದಿಗಳೇ. ಯಾರೂ ಕೆಡವದೆ ಒಂದು ಪೇಟೆ ಅಳಿಸಿಹೋಗುವುದು ಹೇಗೆ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರಗಳಿವೆ. ಕನ್ನಡದವರನ್ನು ಕೇಳಿದರೆ 1956ರ ನವೆಂಬರ್ 1 ಎನ್ನುತ್ತಾರೆ. ಕೇರಳಕ್ಕೆ ಸೇರಿದ ದಿನವೇ ಪೇಟೆ ಕೈತಪ್ಪಿತು, ಫಲಕಗಳು ಮಲಯಾಳಕ್ಕೆ ತಿರುಗಿದವು, ಕಾಸರಗೋಡಿನ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದ ಮಹಾಜನ ವರದಿ ಕಪಾಟಿನಲ್ಲೇ ಉಳಿಯಿತು, ಇತ್ಯಾದಿ. ವ್ಯಾಪಾರಿಗಳನ್ನು ಕೇಳಿದರೆ ಆನ್‌ಲೈನ್ ಎನ್ನುತ್ತಾರೆ. ಹಿರಿಯರು ಗಲ್ಫ್ ಹಣ ಎನ್ನುತ್ತಾರೆ. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ, ಆದರೆ ಯಾವುದೂ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. 1956 ಕಳೆದು ಎಷ್ಟೋ ವರ್ಷಗಳ ನಂತರ ನಾನು ಕಂಡ ಬೀದಿಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕನ್ನಡ, ತುಳು, ಕೊಂಕಣಿ, ಮಲಯಾಳ, ಬ್ಯಾರಿ ಭಾಷೆಗಳೆಲ್ಲ ಒಂದೇ ಜಗಲಿಯಲ್ಲಿ ಕೂತಿದ್ದವು. ರಾಜಕೀಯ ಗಡಿ ದಾಟಿದರೂ ಆ ಬೀದಿ ದಾಟಿರಲಿಲ್ಲ. ಅದನ್ನು ಹಿಡಿದಿಟ್ಟದ್ದು ಬೇರೇನೋ.

ಅಡಿಕೆಯ ಜೊತೆ ಬಂದ ದಿನ

ನನ್ನ ಅಜ್ಜ ಪೆರ್ಲದ ಕಡೆಯವರು. ಅಡಿಕೆ ಸುಲಿದು ಮುಗಿದ ಮೇಲೆ ಗೋಣಿಗಳನ್ನು ಮೊದಲ ಬಸ್ಸಿನ ಮೇಲೆ ಹೇರಿಸಿ ಕಾಸರಗೋಡಿಗೆ ಬರುತ್ತಿದ್ದರು. ಶಾಲೆಗೆ ರಜೆಯಿದ್ದರೆ ನಾನು ಬಾಲ. ಹಳೆ ಬಸ್ ನಿಲ್ದಾಣದಲ್ಲಿ ಇಳಿದು ಕೂಲಿಯವನ ತಲೆಯ ಮೇಲಿನ ಗೋಣಿಯನ್ನೇ ನೋಡುತ್ತ ನಡೆದರೆ ಹಾಜಿಯವರ ಅಡಿಕೆ ಅಂಗಡಿ. ಕೆಂಪುಕಲ್ಲಿನ ದಪ್ಪ ಗೋಡೆ, ಮಂಗಳೂರು ಹಂಚಿನ ಮಾಡು, ಮುಂದೆ ಉದ್ದದ ಜಗಲಿ. ಬಾಗಿಲಿಗೆ ಕೀಲು ಇಲ್ಲ. ಒಂದರ ಪಕ್ಕ ಒಂದು ತೋಡಿನಲ್ಲಿ ಜಾರಿಸಿ ನಿಲ್ಲಿಸುವ ಹಲಗೆಗಳು. ತಪ್ಪಿಹೋಗದಿರಲೆಂದು ಪ್ರತಿ ಹಲಗೆಯ ಮೇಲ್ತುದಿಯಲ್ಲಿ ೧, ೨, ೩ ಎಂದು ಟಾರಿನಲ್ಲಿ ಬರೆದಿತ್ತು. ಹಗಲಿಡೀ ಆ ಹಲಗೆಗಳು ಗೋಡೆಗೆ ಒರಗಿರುತ್ತಿದ್ದವು. ೭ರ ಹಲಗೆಯ ಕೆಳತುದಿಯನ್ನು ಇಲಿ ಕೊರೆದಿತ್ತು, ಅಲ್ಲಿಗೆ ತಗಡು ಬಡಿದಿದ್ದರು.

ಹಾಜಿಯವರು ಗೋಣಿಯ ಬಾಯಿ ಬಿಚ್ಚಿ ಮೇಲಿನ ಅಡಿಕೆ ನೋಡುತ್ತಿರಲಿಲ್ಲ. ಮೊಣಕೈವರೆಗೆ ಕೈ ತೂರಿಸಿ ನಡುವಿನಿಂದ ಒಂದು ಹಿಡಿ ತೆಗೆದು ಚಾಪೆಯ ಮೇಲೆ ಹರಡುತ್ತಿದ್ದರು. ಅಡಕತ್ತರಿಯಲ್ಲಿ ಒಂದೊಂದನ್ನೇ ಎರಡು ಹೋಳು ಮಾಡಿ ಒಳಗಿನ ಬಿಳಿ, ಅದರೊಳಗಿನ ಕಂದು ಗೆರೆ ನೋಡುವುದು. ಹೋಳಾದದ್ದರಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಬೀದಿಯತ್ತ ನೋಡುವುದು. "ಭಟ್ಟರೇ, ಈ ಸಲ ಪಟೋರ ಸ್ವಲ್ಪ ಹೆಚ್ಚಿದೆಯಲ್ಲ?" ಎಂದು ಅವರು ಕೇಳಿದರೆ, "ಅಂಗಳದಲ್ಲಿ ಒಣಗಲು ಹಾಕಿದಾಗ ಬಂದ ಮಳೆ ನಿಮ್ಮ ತಾಯಲಂಗಾಡಿಗೆ ಬರಲಿಲ್ಲವೇ ಹಾಜಿಗಳೇ?" ಎಂದು ಅಜ್ಜ. ಹೊಸತು, ಹಳತು, ಡಬಲ್ ಚೋಲು, ಪಟೋರ, ಕರಿಗೋಟು, ಕೋಕ ಎಂದು ದರ್ಜೆಗೊಂದರಂತೆ ಬೇರೆ ಬೇರೆ ಗುಡ್ಡೆಯಾಗಿ, ತಕ್ಕಡಿಯಾಗಿ, ಕೊನೆಗೆ ಒಂದು ಚೀಟಿ. ಚೀಟಿಯಲ್ಲಿ ಬರೆದ ಮೊತ್ತ ಎಂದೂ ಪೂರ್ತಿಯಾಗಿ ಅಜ್ಜನ ಕೈಗೆ ಬಂದದ್ದಿಲ್ಲ. ಆಷಾಢದಲ್ಲಿ ಪಡೆದ ಮುಂಗಡ ಕಳೆದು ಉಳಿದದ್ದು ಮಾತ್ರ. ಆ ಮುಂಗಡವೇ ನಮ್ಮ ಕಡೆಯ ತೋಟಗಳನ್ನು ಆ ಬೀದಿಗೆ ಕಟ್ಟಿಹಾಕಿದ್ದ ಹಗ್ಗ. ಅದರಲ್ಲಿ ಪ್ರೀತಿಯೂ ಇತ್ತು, ಬಡ್ಡಿಯೂ ಇತ್ತು. ಈಗ ನೆನೆಯುವಾಗ ಎಲ್ಲರೂ ಪ್ರೀತಿಯನ್ನಷ್ಟೇ ನೆನೆಯುತ್ತಾರೆ.

ಇಷ್ಟೆಲ್ಲ ಮುಗಿಯುವಾಗ ಹನ್ನೊಂದು ಗಂಟೆ. ಊರಿಗೆ ಹೋಗುವ ಬಸ್ಸು ಮೂರೂವರೆಗೆ. ನನಗೆ ಈಗ ಮುಖ್ಯವೆನಿಸುವುದು ಆ ನಡುವಿನ ನಾಲ್ಕೂವರೆ ಗಂಟೆ. ಅಜ್ಜ ಜೀನಸಿನ ಅಂಗಡಿಗೆ ಪಟ್ಟಿ ಕೊಡುತ್ತಿದ್ದರು. ಬೆಲ್ಲ, ಒಣಮೆಣಸು, ಸೀಮೆಎಣ್ಣೆ ಕಟ್ಟಿ ಮುಗಿಸಲು ಅವರಿಗೂ ಎರಡು ಗಂಟೆ ಬೇಕು. ಅಷ್ಟರಲ್ಲಿ ಕ್ಷೌರ. ಛತ್ರಿಯ ಕಡ್ಡಿ ರಿಪೇರಿ. ವೆಂಕಟರಮಣ ದೇವಸ್ಥಾನದಲ್ಲಿ ಒಂದು ಕೈಮುಗಿತ. ಪುಸ್ತಕದಂಗಡಿಯಲ್ಲಿ ಪಂಚಾಂಗ, ಜೊತೆಗೆ ನಿಂತುಕೊಂಡೇ ಓದಿ ಮುಗಿಸಿದ ಇಡೀ ದಿನಪತ್ರಿಕೆ. ಗೋಡೆಗೆ ಅಂಟಿಸಿದ ಡೇರೆ ಮೇಳದ ಯಕ್ಷಗಾನದ ಪೋಸ್ಟರಿನ ಎದುರು ಯಾರು ಯಾವ ವೇಷ ಎಂದು ಅಪರಿಚಿತರೊಂದಿಗೆ ಅರ್ಧ ಗಂಟೆ ಚರ್ಚೆ. ಆಮೇಲೆ ಹೋಟೆಲು: ಸಜ್ಜಿಗೆ ಅವಲಕ್ಕಿ, ಗೋಳಿಬಜೆ, ಅಜ್ಜನಿಗೆ ಕಾಫಿ, ನನಗೆ ಹಾಲು. ತಿಂದಾದ ಮೇಲೂ ಅಲ್ಲಿಂದ ಏಳಿ ಎಂದು ಯಾರೂ ಹೇಳುತ್ತಿರಲಿಲ್ಲ. ಗಲ್ಲಾದ ಹಿಂದಿನ ಮೂಲೆಯಲ್ಲಿ ಬೇರೆ ಬೇರೆ ಮನೆಗಳ ಚೀಲಗಳು ಸಾಲಾಗಿರುತ್ತಿದ್ದವು. ಬಸ್ಸಿನ ಹೊತ್ತಿಗೆ ಮಾಣಿಯೇ ಕರೆದು ಕೊಡುತ್ತಿದ್ದ. ಯಾವ ಬಸ್ಸು ಹೊರಟಿತು, ಯಾವುದಕ್ಕೆ ಇನ್ನೂ ಹತ್ತು ನಿಮಿಷ ಇದೆ ಎಂಬುದು ಅವನಿಗೆ ನಿಲ್ದಾಣದವರಿಗಿಂತ ಚೆನ್ನಾಗಿ ಗೊತ್ತು.

ಲೆಕ್ಕ ಹಾಕಿ ನೋಡಿದರೆ ಆ ಬೀದಿಯ ಅರ್ಧದಷ್ಟು ಅಂಗಡಿಗಳಿಗೆ ಗಿರಾಕಿಗಳು ಬರುತ್ತಿದ್ದುದು ಕೊಳ್ಳಲೆಂದಲ್ಲ, ಬೇರೆ ಕೆಲಸಕ್ಕೆ ಬಂದವರು ಬಸ್ಸಿಗೆ ಕಾಯಬೇಕಾದ್ದರಿಂದ. ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ, ಆದೂರು, ಹೀಗೆ ಮೂಡಣ ದಿಕ್ಕಿನ ಊರೂರುಗಳ ಜನ ದಿನದಲ್ಲಿ ಕೆಲವು ಗಂಟೆ ಮಾಡಲು ಏನೂ ಇಲ್ಲದೆ ಅಲ್ಲಿ ಅಡ್ಡಾಡುತ್ತಿದ್ದರು. ಅವರ ಮನೆಮಾತು ಹವ್ಯಕವಿರಲಿ, ತುಳುವಿರಲಿ, ಮರಾಟಿಯಿರಲಿ, ಪೇಟೆಯಲ್ಲಿ ಓದುತ್ತಿದ್ದುದು ಕನ್ನಡ. ಅದಕ್ಕೇ ಫಲಕಗಳು ಕನ್ನಡದಲ್ಲಿದ್ದವು. ವ್ಯಾಪಾರಿಗೆ ಭಾಷಾಭಿಮಾನವಿರುವುದಿಲ್ಲ, ಗಿರಾಕಿಯ ಅಭಿಮಾನವಿರುತ್ತದೆ.

ಒಂದೇ ವರ್ಷದಲ್ಲಿ ಎರಡು

ಇಸವಿ ಹಿಡಿದು ಇತಿಹಾಸ ಹೇಳುವವರ ಮೇಲೆ ನನಗೆ ಸ್ವಲ್ಪ ಗುಮಾನಿ. ಆದರೂ ನನ್ನನ್ನು ಒಂದು ಇಸವಿ ಹೇಳಲು ಒತ್ತಾಯಿಸಿದರೆ 1956ರ ಬದಲು 1973 ಎನ್ನುತ್ತೇನೆ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಪಾತಾಳಕ್ಕಿಳಿದು ಬೆಳೆಗಾರರು ಕಂಗಾಲಾಗಿದ್ದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿದ್ದು ಆ ವರ್ಷದ ಜುಲೈಯಲ್ಲಿ. ಕೊಲ್ಲಿಯಲ್ಲಿ ತೈಲದ ಬೆಲೆ ಏರಿ, ನಮ್ಮ ಕರಾವಳಿಯ ಗಂಡಸರಿಗೆ ಅಲ್ಲಿ ಕೆಲಸದ ಬಾಗಿಲು ತೆರೆದದ್ದು ಅದೇ ವರ್ಷದ ಕೊನೆಯಿಂದ. (ಯುಎಇಯವರು ಸ್ವಂತ ದಿರ್ಹಮ್ ಚಲಾವಣೆಗೆ ತಂದದ್ದೂ 1973ರಲ್ಲೇ. ಕಾಕತಾಳೀಯ ಇರಬಹುದು, ಆದರೆ ನನಗೆ ಇಷ್ಟವಾದ ಕಾಕತಾಳೀಯ.) ಪೇಟೆಯ ಮೂಡಣ ಬಾಗಿಲಿನಿಂದ ಅಡಿಕೆ ಹೊರನಡೆಯಿತು, ಪಡುವಣ ಬಾಗಿಲಿನಿಂದ ದಿರ್ಹಮ್ ಒಳಬಂತು.

ಇದೆಲ್ಲ ಒಂದು ದಿನದಲ್ಲಿ ಆದದ್ದಲ್ಲ. ಮುಂಗಡದ ಹಗ್ಗ ಇದ್ದುದರಿಂದ ಅಜ್ಜನಂಥವರು ಇನ್ನೂ ಹತ್ತು ಹದಿನೈದು ವರ್ಷ ಹಾಜಿಯವರ ಅಂಗಡಿಗೇ ಹೋದರು. ಆದರೆ ನನ್ನ ಅಪ್ಪ ಅಡಿಕೆಯನ್ನು ಬದಿಯಡ್ಕದ ಕ್ಯಾಂಪ್ಕೋದಲ್ಲೇ ತೂಗಿ, ರಶೀದಿ ಪಡೆದು, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಿದ್ದರು. ಅದು ಸರಿಯಾದ ತೂಕ, ಸರಿಯಾದ ಧಾರಣೆ. ಯಾವ ಬೆಳೆಗಾರನೂ ಅದನ್ನು ದೂರುವಂತಿಲ್ಲ. ಅಷ್ಟರಮಟ್ಟಿಗೆ ಆ ಪೇಟೆ ಬಡವಾದದ್ದು ನಾವು ಸ್ವಲ್ಪ ಉಸಿರಾಡುವಂತಾದ್ದರಿಂದಲೇ. ಇದನ್ನು ಯಾರೂ ಹೇಳುವುದಿಲ್ಲ. ಹಳೆಯ ಪೇಟೆಗೆ ಕಣ್ಣೀರು ಹಾಕುವವರಲ್ಲಿ ನಮ್ಮ ಕಡೆಯ ತೋಟದವರೇ ಹೆಚ್ಚು.

1984ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಜಿಲ್ಲಾಧಿಕಾರಿಯ ಕಚೇರಿ, ನ್ಯಾಯಾಲಯಗಳೆಲ್ಲ ವಿದ್ಯಾನಗರದಲ್ಲಿ ನೆಲೆಯಾದವು. ಹೆದ್ದಾರಿಯ ಬದಿಯಲ್ಲಿ ಹೊಸ ಬಸ್ ನಿಲ್ದಾಣ ಬಂತು. ಕಾಗದಪತ್ರದ ಕೆಲಸಕ್ಕೆ ಬರುವವರೂ ಹಳೆಯ ಬೀದಿಯನ್ನು ಮುಟ್ಟದೆ ಹಿಂದಿರುಗುವಂತಾಯಿತು. ಕಾಯಿಲೆಗೆ, ಕಾಲೇಜಿಗೆ, ಮದುವೆಯ ಜವಳಿಗೆ ಮಂಗಳೂರು ಮೊದಲಿನಿಂದಲೂ ಇದ್ದದ್ದೇ. 2020ರ ಮಾರ್ಚಿನಲ್ಲಿ, ಕೋವಿಡ್ ಕಾಲದಲ್ಲಿ, ಕರ್ನಾಟಕದವರು ತಲಪಾಡಿಯ ಗಡಿ ಮುಚ್ಚಿ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಜನ ಸತ್ತಾಗ ಅದೆಷ್ಟು ದೊಡ್ಡ ಆಧಾರವಾಗಿತ್ತು ಎಂದು ಎಲ್ಲರಿಗೂ ಗೊತ್ತಾಯಿತು.

ಇತ್ತ ಹಾಜಿಯವರ ಅಂಗಡಿಯ ಕತೆ ಕೇಳಿ. ಹಾಜಿಯವರ ನಂತರ ಅದು ಗಲ್ಫ್ ಸಾಮಾನಿನ ಅಂಗಡಿಯಾಯಿತು. ಎಂಬತ್ತರ ದಶಕದಲ್ಲಿ ಕಾಸರಗೋಡಿಗೆ ಸುತ್ತಲಿನ ಊರುಗಳಿಂದ ಜನ ಬರುತ್ತಿದ್ದುದು ಅದಕ್ಕೇ: ಟೇಪ್ ರೆಕಾರ್ಡರ್, ಟಾರ್ಚು, ಸೆಂಟು, ಜಪಾನಿನ ಸೀರೆ, ಮಡಚುವ ಛತ್ರಿ. ಅಡಿಕೆಯ ವಾಸನೆ ಇದ್ದಲ್ಲಿ ಅತ್ತರಿನ ವಾಸನೆ. 1991ರ ಉದಾರೀಕರಣದ ನಂತರ ಅದೇ ಸಾಮಾನು ಎಲ್ಲ ಊರಿನಲ್ಲೂ ಸಿಗತೊಡಗಿ ಆ ಆಕರ್ಷಣೆ ಇಳಿಯಿತು. ಮುಂದೆ ಎಸ್‌ಟಿಡಿ ಬೂತು ಮತ್ತು ವಿಮಾನದ ಟಿಕೆಟು, ಆಮೇಲೆ ಮೊಬೈಲು, ಈಗ ಮೊಬೈಲಿನ ಗಾಜು ಅಂಟಿಸುವ ಅಂಗಡಿ. ಒಂದೇ ಕೋಣೆಯನ್ನು ಗೋಡೆ ಎಬ್ಬಿಸಿ ಮೂರು ಮಾಡಿದ್ದಾರೆ. ಉಳಿದ ಎರಡರಲ್ಲಿ ಒಂದು ಚಪ್ಪಲಿಯದು, ಇನ್ನೊಂದು ಮುಚ್ಚಿದೆ. ತಳಂಗರೆಯ ಕಸೂತಿಯ ಬಿಳಿ ಟೊಪ್ಪಿ ಆ ಬೀದಿಯಲ್ಲಿ ರಾಶಿರಾಶಿಯಾಗಿ ಸಿಗುತ್ತಿತ್ತು, ಇಲ್ಲಿಂದ ಕೊಲ್ಲಿ ದೇಶಗಳಿಗೂ ಹೋಗುತ್ತಿತ್ತು. ಈಗ ಕೈಯಲ್ಲಿ ಹೊಲಿದದ್ದು ಬೇಕೆಂದರೆ ಮನೆ ಹುಡುಕಿಕೊಂಡು ಹೋಗಬೇಕು.

ಎದುರು ಗಾಜು, ಹಿಂದೆ ಹಂಚು

ಪೇಟೆಯ ಕಟ್ಟಡಗಳನ್ನು ನೋಡಬೇಕಾದರೆ ಬೀದಿಯಲ್ಲಿ ನಿಲ್ಲಬಾರದು, ಹಿಂದಿನ ಓಣಿಗೆ ಹೋಗಬೇಕು. ಮುಂಭಾಗದಲ್ಲಿ ಹೊಳೆಯುವ ಅಲ್ಯೂಮಿನಿಯಂ ಹಲಗೆ, ಗಾಜು, ಎಲ್‌ಇಡಿ ಅಕ್ಷರ. ಹಿಂಭಾಗದಲ್ಲಿ ಅದೇ ಕೆಂಪುಕಲ್ಲು, ಪಾಚಿ ಹಿಡಿದ ಹಂಚು, ಮರದ ಕಂಬಿಯ ಕಿಟಕಿ, ಮಾಡಿನ ಮೇಲೆ ಬೇರು ಬಿಟ್ಟ ಅರಳಿಗಿಡ. ಮಳೆಗಾಲದಲ್ಲಿ ಈ ಹಲಗೆಯ ಮುಖವಾಡದ ಹಿಂದೆ ನೀರು ಇಳಿದು, ಒಳಗಿನ ಗೋಡೆಯ ಸುಣ್ಣ ಕಳಚಿ ಬೀಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಹೊರಗಿನಿಂದ ಬರುವ ಉತ್ಸಾಹಿಗಳು ಇಂಥ ಹಂಚಿನ ಮಾಡುಗಳ ಚಿತ್ರ ತೆಗೆದು, ಪರಂಪರೆಯನ್ನು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದೀರಿ ಎಂದು ಮೆಚ್ಚುತ್ತಾರೆ. ನಮಗೆ ನಗು ಬರುತ್ತದೆ. ಉಳಿಸಿದ್ದು ಪರಂಪರೆಯ ಪ್ರೀತಿಯಲ್ಲ, ವ್ಯಾಜ್ಯ. ಕೇರಳದ 1965ರ ಬಾಡಿಗೆ ನಿಯಂತ್ರಣ ಕಾನೂನಿನಲ್ಲಿ ಬಾಡಿಗೆದಾರನನ್ನು ಸುಮ್ಮನೆ ಏಳಿಸುವಂತಿಲ್ಲ. ಎಂದೋ ನಿಗದಿಯಾದ ಬಾಡಿಗೆಗೆ ಹಂಚು ಬದಲಿಸಲು ಮಾಲೀಕನಿಗೆ ಮನಸ್ಸಿಲ್ಲ. ತನ್ನದಲ್ಲದ ಗೋಡೆಗೆ ಖರ್ಚು ಮಾಡಲು ಬಾಡಿಗೆದಾರನಿಗೂ ಮನಸ್ಸಿಲ್ಲ, ಮುಖಕ್ಕೆ ಮಾತ್ರ ಅಲ್ಯೂಮಿನಿಯಂ ಹೊದಿಸುತ್ತಾನೆ. ಮಾಲೀಕ ಎಂದರೂ ಒಬ್ಬನಲ್ಲ: ದುಬೈಯಲ್ಲಿ ಮೂವರು, ಮುಂಬೈಯಲ್ಲಿ ಇಬ್ಬರು, ಊರಲ್ಲಿ ವಿಧವೆಯಾದ ಒಬ್ಬ ಅತ್ತೆ. ಎಲ್ಲರ ಸಹಿ ಒಂದೇ ಕಾಗದದ ಮೇಲೆ ಬೀಳುವುದು ಅಪರೂಪ.

ಅಂಥ ಅಪರೂಪ ಒಮ್ಮೆ ಕೂಡಿಬಂತು. ನನ್ನ ಸ್ನೇಹಿತನೊಬ್ಬನ ಕುಟುಂಬದವರು ಹಳೆಯ ಬೀದಿಯ ತಮ್ಮ ಕಟ್ಟಡವನ್ನು ಮಾರಲು ಒಪ್ಪಿದರು. ಕೊಳ್ಳುವವರ ವಕೀಲರಿಗೆ ಮೂಲಪತ್ರ ಓದಲು ಬರಲಿಲ್ಲ, ಏಕೆಂದರೆ ಅದು ಮದ್ರಾಸ್ ಸರಕಾರದ ಕಾಲದ್ದು, ಕನ್ನಡದಲ್ಲಿದೆ. ನಮ್ಮ ತಾಲೂಕಿನ ಹಳೆಯ ಭೂಮಿಯ ಕಾಗದಗಳೆಲ್ಲ ಹಾಗೆಯೇ: ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು, ಮೂಲಗೇಣಿ, ಚಾಲಗೇಣಿ, ವರ್ಗ, ಕುಮ್ಕಿ ಎಂಬ ಹಿಡುವಳಿಯ ಬಗೆಗಳು. ಹಾಗಾಗಿ ನಾವಿಬ್ಬರೂ ಒಬ್ಬ ವಯಸ್ಸಾದ ದಸ್ತಾವೇಜು ಬರಹಗಾರರ ಬಳಿಗೆ ಹೋದೆವು. ಅಟ್ಟದಂಥ ಮಾಳಿಗೆ ಕೋಣೆ, ಒಂದು ಮೇಜು, ಗೋಡೆಯ ತುಂಬ ಕಡತ. ಬೀದಿಯಲ್ಲಿ ಫಲಕ ಇಲ್ಲ, ಅವರಿಗೆ ಬೇಕಾಗಿಯೂ ಇಲ್ಲ. ಹಳೆಯ ಮೋಡಿಯಂಥ ಕೈಬರಹ ಓದಬಲ್ಲವರು ಕಡಿಮೆಯಾದಂತೆಲ್ಲ ಅವರ ಮೆಟ್ಟಿಲು ಹತ್ತುವವರು ಹೆಚ್ಚಾಗಿದ್ದಾರೆ. ಬೀದಿಯ ಕನ್ನಡ ಮೇಲಿನ ಮಹಡಿಗೆ ಹೋಗಿ ಕೂತು ತಾಸಿಗಿಷ್ಟು ಎಂದು ಶುಲ್ಕ ಪಡೆಯುತ್ತಿದೆ.

ಅವರು ಕನ್ನಡಕ ಏರಿಸಿ ಚಕ್ಕುಬಂದಿ ಓದಿದರು. ಪಡುವಲು ಸರಕಾರಿ ರಸ್ತೆ. ಮೂಡಲು ತೋಡು. ತೆಂಕಲು ಇಂಥವರ ತೆಂಗಿನ ಹಿತ್ತಿಲು. ಬಡಗಲು ಒಂದು ಹಲಸಿನ ಮರ. ಇದರೊಳಗಿನ "ಮುಳಿಹುಲ್ಲಿನ ಮಾಡಿನ ಅಂಗಡಿಮನೆ". ಸ್ನೇಹಿತ ಪೆಚ್ಚಾದ. ನಾವು ಅನಾದಿಯೆಂದು ಕೊಂಡಾಡುತ್ತಿದ್ದ ಹಂಚಿನ ಕಟ್ಟಡವೇ ಆಗ ಇರಲಿಲ್ಲ, ಅದೂ ಯಾವುದನ್ನೋ ಕೆಡವಿ ಬಂದದ್ದು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚು ಸುಡಲು ತೊಡಗಿದ್ದು 1865ರಲ್ಲಿ. ಅದಕ್ಕಿಂತ ಮೊದಲು ಇಡೀ ಬೀದಿ ಹುಲ್ಲಿನದೇ ಆಗಿದ್ದಿರಬೇಕು. ಆ ಕಾಲದಲ್ಲೂ ಯಾರಾದರೂ ಹಂಚು ಬಂದು ಪೇಟೆ ಕೆಟ್ಟಿತು ಎಂದು ಗೊಣಗಿರುತ್ತಾರೆ.

ಬರಹಗಾರರು ಓದು ನಿಲ್ಲಿಸಲಿಲ್ಲ. ಕಟ್ಟಡದ ಹಿಂದಿನ ಜಾಗದ ಬಗ್ಗೆ ಇನ್ನೊಂದು ಸಾಲಿತ್ತು: ಬರುವ ಹೋಗುವ ಗಿರಾಕಿಗಳು ಗಾಡಿ ಬಿಡಲು, ಎತ್ತು ಕಟ್ಟಲು, ನೀರು ಕುಡಿಸಲು ಇರುವ ಹಕ್ಕು ಸಹಿತ. "ಇದು ಈಗ ನಡೆಯುತ್ತದೆಯೇ?" ಎಂದು ಸ್ನೇಹಿತ ಕೇಳಿದ. "ಎತ್ತು ತಂದರೆ ನಡೆಯುತ್ತದೆ" ಎಂದು ಅವರು ಮುಖ ಎತ್ತದೆಯೇ ಹೇಳಿದರು.

ನಾನು ಅಲ್ಲಿಂದ ಇಳಿದದ್ದು ಆ ಸಾಲಿನ ಗುಂಗಿನಲ್ಲೇ. ಆ ಕಾಲದ ವ್ಯಾಪಾರಿ ಅಂಗಡಿ ಕೊಳ್ಳುವಾಗ ಗಿರಾಕಿ ಎಲ್ಲಿ ಕಾಯುತ್ತಾನೆ ಎಂಬುದನ್ನೂ ಸೇರಿಸಿ ಕೊಂಡಿದ್ದ. ಮೊದಲು ಎತ್ತಿನ ಗಾಡಿ, ಆಮೇಲೆ 1907ರಲ್ಲಿ ಮಂಗಳೂರು ಮುಟ್ಟಿದ ರೈಲು, ಆಮೇಲೆ ಬಸ್ಸು. ಇವೆಲ್ಲ ಜನರನ್ನು ತಂದು ಸುರಿದು, ಹಿಂದಕ್ಕೆ ಒಯ್ಯುವ ಮೊದಲು ಕಾಯಿಸುತ್ತಿದ್ದವು. ಕಾರು ಹಾಗಲ್ಲ. ಎಂ.ಜಿ. ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಮಗ ಸ್ಟಿಯರಿಂಗ್ ಹಿಡಿದು ಕೂತಿರುತ್ತಾನೆ, ಅಮ್ಮ ಒಂದೇ ಅಂಗಡಿಗೆ ಹೋಗಿ ಓಡಿಬರುತ್ತಾರೆ. ಯಾವ ವಸ್ತು ಬೇಕೆಂದು ಮನೆಯಲ್ಲೇ ತೀರ್ಮಾನವಾಗಿರುತ್ತದೆ. ಚಿನ್ನ, ಜವಳಿ, ಔಷಧಿಯ ಅಂಗಡಿಗಳು ಇದಕ್ಕೆ ತಕ್ಕಂತೆ ನೆಲಮಾಳಿಗೆಯ ಪಾರ್ಕಿಂಗ್ ಇರುವಲ್ಲಿಗೆ ಸರಿದವು. ಸರಿಯಲಾಗದೆ ಉಳಿದದ್ದು ಕಾಯುವವರನ್ನೇ ನಂಬಿದ್ದವು: ಛತ್ರಿ ರಿಪೇರಿ, ವಾಚಿನ ರಿಪೇರಿ, ಪುಸ್ತಕದಂಗಡಿ, ಊಟವಾದ ಮೇಲೂ ಕೂತಿರಬಹುದಾದ ಹೋಟೆಲು. ಒಂದೊಂದಾಗಿ ಅವು ಮುಚ್ಚಿದಾಗ ಅವುಗಳ ಫಲಕದ ಜೊತೆ ಅಕ್ಷರಗಳೂ ಇಳಿದವು. ಹೊಸ ಅಂಗಡಿಯವರು ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಬರೆಸಿದರೆಂದು ಅವರನ್ನು ಬೈದು ಪ್ರಯೋಜನವಿಲ್ಲ. ಕನ್ನಡ ಓದುವ ನಾವು ಆ ಬೀದಿಗೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಯಿತು.

ಒಂದು ಅಪವಾದವಿದೆ. ಪೂಜಾ ಸಾಮಾನು, ನಾರುಬೇರು ಮಾರುವ ಒಂದು ಹಳೆಯ ಅಂಗಡಿ ಈಗಲೂ ಜೋರಾಗಿ ನಡೆಯುತ್ತದೆ. ಹೋಮದ ಪಟ್ಟಿಯಲ್ಲಿ ಐವತ್ತು ಬಗೆ ಇರುತ್ತವೆ, ಒಂದೊಂದೂ ಹಿಡಿಯಷ್ಟೇ ಬೇಕು, ಕಟ್ಟಲು ಹೊತ್ತು ಹಿಡಿಯುತ್ತದೆ. ಅಲ್ಲಿ ಇನ್ನೂ ಬೆಂಚು ಇದೆ, ಬೆಂಚಿನ ಮೇಲೆ ಕನ್ನಡ ಪತ್ರಿಕೆ ಇದೆ. ಈಚೆಗೆ ಪುರೋಹಿತರು ಪಟ್ಟಿಯನ್ನು ವಾಟ್ಸಾಪಿನಲ್ಲಿ ಕಳಿಸಿ ಕಟ್ಟು ಮಾತ್ರ ಒಯ್ಯುತ್ತಾರೆ ಎಂದು ಅಂಗಡಿಯವರು ಹೇಳಿದರು. ಬೆಂಚಿನ ಆಯುಷ್ಯದ ಬಗ್ಗೆ ನನಗೆ ಅನುಮಾನ ಶುರುವಾಗಿದೆ.

ಕಂಬಗಳ ಕೆಳಗೆ

ನನ್ನ ತಂಗಿಯ ಮಗನಿಗೆ ಕಾಸರಗೋಡಿನಲ್ಲಿ ಒಂದು ಕಾಫಿ ಅಂಗಡಿ ತೆರೆಯುವ ಹುಮ್ಮಸ್ಸು. ಹಳೆಯ ಬೀದಿಯಲ್ಲಿ ಒಂದು ಹಂಚಿನ ಕಟ್ಟಡ ಹಿಡಿದು, ಹಲಗೆ ಬಾಗಿಲು, ಲಾಟೀನು, ಗೋಡೆಯ ಮೇಲೆ ಯಕ್ಷಗಾನದ ಕಿರೀಟ ಇಟ್ಟರೆ ಜನ ಬರುತ್ತಾರೆ ಎಂದು ಅವನ ಲೆಕ್ಕ. ನನ್ನಿಂದ ಹಳೆಯ ನೆನಪುಗಳನ್ನು ಕೇಳಿ ಗೋಡೆಗೆ ಬರೆಸುವ ಆಲೋಚನೆಯೂ ಇತ್ತು. ನಾನು ಅವನನ್ನು ಕರೆದುಕೊಂಡು ಹೋದದ್ದು ಮೇಲ್ಸೇತುವೆಯ ಕೆಳಗಿನ ಸರ್ವಿಸ್ ರಸ್ತೆಗೆ. ಹೆದ್ದಾರಿ ಮೇಲೆ ಹಾರಿಹೋದರೂ ಊರಿನ ಬಸ್ಸುಗಳಿಗೆ ಕೆಳಗೇ ಗತಿ. ಬಿಸಿಲಿಗೆ ನೆರಳು ಬೇರೆಲ್ಲೂ ಇಲ್ಲದ್ದರಿಂದ ಜನ ಕಂಬಗಳ ಬುಡದಲ್ಲಿ ನಿಲ್ಲುತ್ತಾರೆ: ಬದಿಯಡ್ಕಕ್ಕೆ ಹೋಗುವ ಕಾಲೇಜು ಹುಡುಗಿಯರು, ಔಷಧಿಯ ಚೀಲ ಹಿಡಿದ ಮುದುಕರು, ಕಟ್ಟಡ ಕೆಲಸದ ಬಂಗಾಳಿ ಹುಡುಗರು. ಒಬ್ಬ ಕಡಲೆ ಹುರಿಯುತ್ತಿದ್ದ. ಇನ್ನೊಬ್ಬ ಮಾಸ್ಕಿನಿಂದ ಹಿಡಿದು ಮೊಬೈಲು ಚಾರ್ಜರಿನವರೆಗೆ ಎಲ್ಲವನ್ನೂ ಒಂದು ಚಾಪೆಯಲ್ಲಿ ಹರಡಿದ್ದ. ಒಂದು ತಳ್ಳುಗಾಡಿಯಲ್ಲಿ ಚಹಾ, ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲು.

"ಇಲ್ಲಿ ಅಂಗಡಿ ಇಡುವುದೇ ಮಾವ? ಇದಕ್ಕೊಂದು ವಾತಾವರಣವೇ ಇಲ್ಲವಲ್ಲ" ಎಂದು ಅವನು ಮೂಗು ಮುರಿದ. ಪುಣ್ಯಕ್ಕೆ ಅಷ್ಟು ಹೊತ್ತಿಗೆ ಪೆರ್ಲಕ್ಕೆ ಹೋಗುವ ಹೆಂಗಸೊಬ್ಬರು ಚಹಾದವನ ಬಳಿ ಬಸ್ಸು ಎಷ್ಟು ಹೊತ್ತಿಗೆ ಎಂದು ತುಳುವಿನಲ್ಲಿ ಕೇಳಿದರು. ಅವನು ಅರ್ಧ ಮಲಯಾಳ, ಅರ್ಧ ಹಿಂದಿಯಲ್ಲಿ, ಒಂದು ಈಗಷ್ಟೇ ಹೋಯಿತು, ಮುಂದಿನದಕ್ಕೆ ಇಪ್ಪತ್ತು ನಿಮಿಷ ಇದೆ, ಚಹಾ ಕುಡಿಯಿರಿ, ಚೀಲ ಇಲ್ಲೇ ಇಡಿ ಎಂದ. ನಾನು ಸೋದರಳಿಯನಿಗೆ ಬಾಡಿಗೆಯ ಮುಂಗಡ ಕೊಡುವ ಮೊದಲು ಇನ್ನೊಂದು ತಿಂಗಳು ಯೋಚಿಸು ಎಂದಿದ್ದೇನೆ. ಅವನಿಗೆ ಲಾಟೀನಿನ ಆಸೆ ಇನ್ನೂ ಹೋಗಿಲ್ಲ.